ದಿನಾ ಓಡುವವರಿಗೂ ಶುಗರ್ ಬರುತ್ತಾ?

ಓದುಗ ಮಹಿಳೆಯೊಬ್ಬರ ಪ್ರಶ್ನೆ:

"ನನಗೆ 42 ವರ್ಷ. ಹನ್ನೊಂದು ವರ್ಷದಿಂದ ಓಡುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ ಓಟ, ಒಟ್ಟು 35ರಿಂದ 40 ಕಿಲೋಮೀಟರ್. ಎರಡು ದಿನ ಈಜು. ಎತ್ತರ 163 ಸೆಂಟಿಮೀಟರ್, ತೂಕ 57 ಕೆಜಿ ಇತ್ತು. ಸಿಗರೇಟು, ಕುಡಿತ ಇಲ್ಲ. ಸಿಹಿಯೂ ಅಷ್ಟಕ್ಕಷ್ಟೆ. ಆರು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದೇನೆ, ಅಮ್ಮನಿಗೂ ಥೈರಾಯ್ಡ್ ಇದೆ. ಅಪ್ಪನಿಗೆ ಅರವತ್ತು ದಾಟಿದ ಮೇಲೆ ಶುಗರ್ ಬಂತು.

ಕಳೆದ ತಿಂಗಳು ಕೆಲಸದ ಕಡೆಯಿಂದ ಮಾಡಿಸಿದ ತಪಾಸಣೆಯಲ್ಲಿ ಫಾಸ್ಟಿಂಗ್ ಶುಗರ್ 148, ಎಚ್‌ಬಿಎ1ಸಿ 7.8 ಬಂತು. ಯಾರದೋ ರಕ್ತ ಅದಲುಬದಲಾಗಿದೆ ಅಂದುಕೊಂಡು ಬೇರೆ ಲ್ಯಾಬಿನಲ್ಲಿ ಮಾಡಿಸಿದೆ. ಅಲ್ಲಿ 151 ಮತ್ತು 7.7. ಡಾಕ್ಟರು ಟೈಪ್ 2 ಡಯಾಬಿಟೀಸ್ ಅಂದರು, ಮೆಟ್‌ಫಾರ್ಮಿನ್ ಬರೆದುಕೊಟ್ಟರು. ಅದನ್ನು ಇನ್ನೂ ಮುಟ್ಟಿಲ್ಲ. ಒಮ್ಮೆ ಶುರು ಮಾಡಿದರೆ ಬಿಡೋ ಹಾಗಿಲ್ಲ, ಕಿಡ್ನಿ ಹೋಗುತ್ತೆ ಅಂತ ಜೊತೆಗೆ ಓಡುವವರು ಹೆದರಿಸಿದರು. ಅದರ ಬದಲು ದಿನಾ ಓಡಲು ಶುರು ಮಾಡಿದೆ, ಧಾನ್ಯ ಪೂರ್ತಿ ಬಿಟ್ಟೆ. ನಾಲ್ಕು ವಾರದಲ್ಲಿ ಮೂರು ಕೆಜಿ ಇಳಿದಿದ್ದೇನೆ. ಆದರೂ ಬೆಳಿಗ್ಗೆ 130ರ ಕೆಳಗೆ ಬರ್ತಾ ಇಲ್ಲ. ಮೊನ್ನೆಯಂತೂ ಓಡುವ ಮುಂಚೆ 138 ಇದ್ದದ್ದು ಜೋರಾಗಿ ಓಡಿ ಬಂದ ಮೇಲೆ 196! ನಾನೇನು ತಪ್ಪು ಮಾಡಿದೆ? ಓಟವೇ ಶುಗರ್ ಏರಿಸುತ್ತಿದೆಯಾ? ಹತ್ತು ವಾರಕ್ಕೆ ಹಾಫ್ ಮ್ಯಾರಥಾನ್ ಇದೆ, ಬಿಟ್ಟುಬಿಡಲಾ? ಇದನ್ನು ವಾಪಸ್ ಕಳಿಸೋಕೆ ಆಗುತ್ತಾ?"

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ರಾತ್ರಿ ಮಲಗಲು ಬಿಡದೆ ಇರುವುದು ಮೊದಲನೆಯದು, ಅಲ್ವಾ? ಎಲ್ಲ ಸರಿಯಾಗಿ ಮಾಡಿದ್ದೇನೆ, ಆದರೂ ನನಗೇ ಯಾಕೆ ಅನ್ನುವುದು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯವರನ್ನು ನೋಡುತ್ತಿದ್ದೇನೆ. ಎದುರು ಕೂತು ಅತ್ತವರಲ್ಲಿ ವ್ಯಾಯಾಮ ಮಾಡದವರಿಗಿಂತ ಮಾಡುವವರೇ ಜಾಸ್ತಿ. ಮಾಡದವರು "ಹೌದು ಡಾಕ್ಟ್ರೇ, ಗೊತ್ತಿತ್ತು" ಅಂತ ತಲೆ ತಗ್ಗಿಸಿ ಮುಂದಿನ ಮಾತಿಗೆ ಬರುತ್ತಾರೆ. ಓಡುವವರು, ಸೈಕಲ್ ತುಳಿಯುವವರು ಮಾತ್ರ ಮೋಸ ಹೋದ ಹಾಗೆ ಕೂರುತ್ತಾರೆ.

ನೀವು ತಪ್ಪು ಮಾಡಿಲ್ಲ. ಕಾಯಿಲೆ ಗೊತ್ತಾಗುವ ಮುಂಚೆಯಂತೂ ಮಾಡಿಲ್ಲ. ಆಮೇಲಿನ ಈ ನಾಲ್ಕು ವಾರದ ಬಗ್ಗೆ ಒಂದೆರಡು ತಕರಾರುಗಳಿವೆ, ಅದಕ್ಕೆ ಬರುತ್ತೇನೆ.

ಮೊದಲು, ರಿಪೋರ್ಟ್ ಸರಿ ಇದೆಯಾ? ಇದೆ. ರಾತ್ರಿಯಿಡೀ ಏನೂ ತಿನ್ನದೆ ಮಾಡಿಸಿದ ಶುಗರ್ 126 ಅಥವಾ ಅದಕ್ಕಿಂತ ಮೇಲೆ, ಎಚ್‌ಬಿಎ1ಸಿ 6.5 ಅಥವಾ ಮೇಲೆ ಇದ್ದರೆ ಡಯಾಬಿಟೀಸ್. ನಿಮಗೆ ಎರಡೂ, ಎರಡೂ ಸಲ ದಾಟಿವೆ. ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನುವ ಲೆಕ್ಕ. ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಕಬ್ಬಿಣದ ಕೊರತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಸ್ವಲ್ಪ ಮೇಲೆ ಕಾಣಬಹುದು. ಓಡುವ ಹೆಂಗಸರಲ್ಲಿ ಕಬ್ಬಿಣ ಕಮ್ಮಿ ಇರುವುದು ಮಾಮೂಲಿ. ನಿಮ್ಮದು ಎಷ್ಟಿದೆ ಅಂತ ಒಮ್ಮೆ ನೋಡಿಸಿ. ಆದರೆ ಅದೊಂದನ್ನೇ ನಂಬಿ ಸಮಾಧಾನ ಪಡಬೇಡಿ. ಫಾಸ್ಟಿಂಗ್ 148, 151 ಬಂದಿರುವುದಕ್ಕೆ ಕಬ್ಬಿಣ ಹೊಣೆ ಅಲ್ಲ.

ಈಗ, ಓಡುವವರಿಗೆ ಇದು ಹೇಗೆ ಬರುತ್ತದೆ?

ಓಡುವಾಗ ನಿಮ್ಮ ತೊಡೆಯ ಸ್ನಾಯುಗಳು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿಗೆ ಕಾಯದೆ ಒಳಗೆ ಎಳೆದುಕೊಳ್ಳುತ್ತವೆ. ಓಟ ಮುಗಿದ ಮೇಲೂ ಒಂದೆರಡು ದಿನ ಅವು ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳುತ್ತವೆ. ಇದು ದೊಡ್ಡ ಲಾಭ. ಆದರೆ ಮೈಯಲ್ಲಿ ಸಕ್ಕರೆಯ ವ್ಯವಹಾರ ನಡೆಸುವುದು ಸ್ನಾಯು ಒಂದೇ ಅಲ್ಲ. ಲಿವರ್ ಇದೆ. ನೀವು ಮಲಗಿದ್ದಾಗ, ಹೊಟ್ಟೆ ಖಾಲಿ ಇದ್ದಾಗ, ಮೆದುಳಿಗೆ ಬೇಕು ಅಂತ ಅದು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಸಾಕು ನಿಲ್ಲಿಸು ಅಂತ ಅದಕ್ಕೆ ಹೇಳುವುದು ಇನ್ಸುಲಿನ್. ಆ ಇನ್ಸುಲಿನ್ ಬರುವುದು ಮೇದೋಜೀರಕ ಗ್ರಂಥಿಯ ಬೀಟಾ ಕಣಗಳಿಂದ. ಅವು ಎಷ್ಟು ವರ್ಷ, ಎಷ್ಟು ಹೊರೆ ತಾಳುತ್ತವೆ ಅನ್ನುವುದು ಬಹುಪಾಲು ಹುಟ್ಟಿನಿಂದ ಬಂದದ್ದು. ಆ ಕಣಗಳು ಸೋಲುತ್ತಿದ್ದರೆ ಓಟ ಅವನ್ನು ರಿಪೇರಿ ಮಾಡುವುದಿಲ್ಲ. ಅವುಗಳ ಕೆಲಸ ಹಗುರ ಮಾಡುತ್ತದೆ ಅಷ್ಟೆ. ನನ್ನ ಲೆಕ್ಕದಲ್ಲಿ ನಿಮ್ಮ ಹನ್ನೊಂದು ವರ್ಷದ ಓಟ ಕಾಯಿಲೆಯನ್ನು ತಡೆದು ನಿಲ್ಲಿಸಿತ್ತು, ಜೊತೆಗೆ ಮುಚ್ಚಿಯೂ ಇಟ್ಟಿತ್ತು. ಓಡದೆ ಇದ್ದಿದ್ದರೆ ಬಹುಶಃ ಮುಂಚೆಯೇ ಗೊತ್ತಾಗುತ್ತಿತ್ತು.

ತೆಳ್ಳಗಿದ್ದವರಿಗೆ ಬರಲ್ಲ ಅನ್ನುವುದೂ ಅರ್ಧ ಸತ್ಯವೇ. ತೂಕದ ಕಾಟಾ ಒಟ್ಟು ಕೆಜಿ ಹೇಳುತ್ತದೆ, ಕೊಬ್ಬು ಎಲ್ಲಿ ಕೂತಿದೆ ಅಂತ ಹೇಳುವುದಿಲ್ಲ. ಕೆಲವರಿಗೆ ಚರ್ಮದ ಕೆಳಗೆ ಕೊಬ್ಬು ಇಡುವ ಜಾಗ ಕಮ್ಮಿ. ಸ್ವಲ್ಪ ಹೆಚ್ಚಾದರೂ ಅದು ಲಿವರಿಗೆ, ಮೇದೋಜೀರಕಕ್ಕೆ ಹೋಗಿ ಸೇರುತ್ತದೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇದೆಯಾ ನೋಡಿ. ನಿಮ್ಮ ಎತ್ತರಕ್ಕೆ 81 ಸೆಂಟಿಮೀಟರ್ ಒಳಗೆ ಇರಬೇಕು. ಟೇಪನ್ನು ಹೊಟ್ಟೆ ಒಳಗೆ ಎಳೆಯದೆ ಹಿಡಿಯಿರಿ. ಎಲ್ಲರೂ ಎಳೆಯುತ್ತಾರೆ, ನಾನೂ ಎಳೆಯುತ್ತೇನೆ.

ಆದರೆ ನಿಮ್ಮ ವಿಷಯದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಪತ್ರದಲ್ಲಿ ನೀವು ಅದನ್ನು ಕೇಳಿಲ್ಲ. ನಿಮಗೆ ಬಂದಿರುವುದು ಟೈಪ್ 2 ಹೌದಾ?

ನಲವತ್ತು ದಾಟಿದವರಿಗೆ ಶುಗರ್ ಬಂದರೆ ಟೈಪ್ 2 ಅಂತ ಬರೆಯುವುದು ನಮ್ಮ ರೂಢಿ. ಹೆಚ್ಚಿನ ಸಲ ಅದು ಸರಿ ಇರುತ್ತದೆ. ಆದರೆ ವಯಸ್ಸಾದ ಮೇಲೆ ನಿಧಾನವಾಗಿ ಶುರುವಾಗುವ ಇನ್ನೊಂದು ಬಗೆ ಇದೆ. ಅದಕ್ಕೆ ಲಾಡಾ ಅನ್ನುತ್ತೇವೆ. ಇದು ಟೈಪ್ 1ರ ಬಳಗದ್ದು. ಇಲ್ಲಿ ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ ಬೀಟಾ ಕಣಗಳನ್ನು ಕೊಲ್ಲುತ್ತಾ ಹೋಗುತ್ತದೆ. ಮಕ್ಕಳಲ್ಲಿ ಬೇಗ ಆಗುವ ಕೆಲಸ ದೊಡ್ಡವರಲ್ಲಿ ನಿಧಾನವಾಗಿ ಆಗುತ್ತದೆ. ಅದಕ್ಕೇ ಮೊದಮೊದಲು ಟೈಪ್ 2 ಥರಾನೇ ಕಾಣುತ್ತದೆ, ಮಾತ್ರೆಗೂ ಒಂದಿಷ್ಟು ಬಗ್ಗುತ್ತದೆ. ನನಗೆ ಅನುಮಾನ ಬರಲು ಕಾರಣ ನಿಮ್ಮ ಪತ್ರದಲ್ಲೇ ಇದೆ. ತೂಕ ಜಾಸ್ತಿ ಇಲ್ಲ. ನಿಮಗೂ ಅಮ್ಮನಿಗೂ ಥೈರಾಯ್ಡ್ ತೊಂದರೆ ಇದೆ. ಥೈರಾಯ್ಡ್ ಸೋಮಾರಿ ಆಗುವುದು ಎಷ್ಟೋ ಸಲ ಇದೇ ರಕ್ಷಣಾ ಪಡೆಯ ಎಡವಟ್ಟಿನಿಂದ. ಒಂದು ಕಡೆ ಎಡವಿದ್ದು ಇನ್ನೊಂದು ಕಡೆಯೂ ಎಡವಬಹುದು. ಮೂರು ಕೆಜಿ ಇಳಿದಿದೆ. ಅದು ಊಟ ಬಿಟ್ಟಿದ್ದಕ್ಕೋ, ಇನ್ಸುಲಿನ್ ಸಾಲದ್ದಕ್ಕೋ, ದೂರದಿಂದ ಹೇಳುವುದು ಕಷ್ಟ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ. ಹಲವು ವರ್ಷದ ಹಿಂದೆ ನಿಮ್ಮದೇ ವಯಸ್ಸಿನ ಸೈಕಲ್ ಸವಾರರೊಬ್ಬರು ನನ್ನ ಹತ್ತಿರ ಬಂದರು. ನಾನೇ ಟೈಪ್ 2 ಅಂತ ಬರೆದೆ. ಅವರು ಅಚ್ಚುಕಟ್ಟಾದ ಮನುಷ್ಯ. ಪ್ರತಿ ಸಲ ಬರುವಾಗ ಒಂದು ಗೀರು ಹಾಳೆಯ ಪುಸ್ತಕ ತರುತ್ತಿದ್ದರು. ಎಡಗಡೆ ಊಟ, ನಡುವೆ ಸೈಕಲ್ ತುಳಿದ ದೂರ, ಬಲಗಡೆ ಕೆಂಪು ಇಂಕಿನಲ್ಲಿ ಶುಗರ್. ಎಂಟು ತಿಂಗಳಲ್ಲಿ ಊಟದ ಸಾಲು ಚಿಕ್ಕದಾಗುತ್ತಾ ಹೋಯಿತು. ದೂರದ ಸಾಲು ಬೆಳೆಯಿತು. ಕೆಂಪು ಅಂಕಿ ಮಾತ್ರ ಏರುತ್ತಲೇ ಇತ್ತು. ನಾನು ಮಾತ್ರೆ ಸೇರಿಸುತ್ತಾ ಹೋದೆ. ಮನಸ್ಸಿನಲ್ಲಿ ಈತ ಕದ್ದು ತಿನ್ನುತ್ತಿರಬೇಕು ಅಂತಲೂ ಅನ್ನಿಸಿತ್ತು. ಒಂದು ದಿನ ಅವರ ಬೆಲ್ಟ್ ಕಣ್ಣಿಗೆ ಬಿತ್ತು. ಮೊಳೆಯಿಂದ ಹೊಸದಾಗಿ ಚುಚ್ಚಿದ ಮೂರು ತೂತುಗಳು, ಒಂದರ ಪಕ್ಕ ಒಂದು. ಅವತ್ತೇ ರಕ್ತ ಕಳಿಸಿದೆ. ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂತು. ಎಂಟು ತಿಂಗಳು ಆ ಮನುಷ್ಯನಿಗೆ ಬೇಕಿದ್ದದ್ದು ಇನ್ಸುಲಿನ್. ಆ ತಪ್ಪು ನನ್ನದೇ.

ಹಾಗಾಗಿ ಮುಂದಿನ ಭೇಟಿಯಲ್ಲಿ ಡಾಕ್ಟರ ಹತ್ತಿರ ಎರಡು ಪರೀಕ್ಷೆ ಕೇಳಿ. ಒಂದು, ಗ್ಯಾಡ್ ಪ್ರತಿಕಾಯ. ರಕ್ಷಣಾ ಪಡೆ ಬೀಟಾ ಕಣಗಳ ಮೇಲೆ ಬಿದ್ದಿದೆಯಾ ಅಂತ ಇದು ಹೇಳುತ್ತದೆ. ಇದು ನೆಗೆಟಿವ್ ಬಂದೂ ಅನುಮಾನ ಹೋಗದಿದ್ದರೆ ಇದೇ ಬಗೆಯ ಇನ್ನೆರಡು ಪ್ರತಿಕಾಯಗಳನ್ನು ನೋಡಬಹುದು. ಇನ್ನೊಂದು, ಸಿ-ಪೆಪ್ಟೈಡ್. ನಿಮ್ಮ ಮೈ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ಅದೇ ರಕ್ತದಲ್ಲಿ ಶುಗರ್ ಕೂಡ ನೋಡಬೇಕು, ಇಲ್ಲದಿದ್ದರೆ ಅಂಕಿಗೆ ಅರ್ಥ ಇರುವುದಿಲ್ಲ. ಕೇಳಲು ಸಂಕೋಚ ಬೇಡ. "ನನಗೆ ಥೈರಾಯ್ಡ್ ಇದೆ, ತೆಳ್ಳಗಿದ್ದೇನೆ, ಲಾಡಾ ಅಲ್ಲ ಅಂತ ಖಚಿತ ಮಾಡಿಕೊಳ್ಳಬಹುದಾ?" ಅಂತ ಕೇಳಿದರೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದು.

ಎರಡೂ ಪರೀಕ್ಷೆ ಟೈಪ್ 2 ಕಡೆಗೇ ಕೈ ತೋರಿಸಬಹುದು. ಅಪ್ಪನ ಕಡೆಯಿಂದ ಬಂದಿರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಆಗ ನೆಮ್ಮದಿಯಿಂದ ಆ ದಾರಿ ಹಿಡಿಯಬಹುದು.

ಇನ್ನು 138 ಇದ್ದದ್ದು 196 ಆದ ಕಥೆ. ಪತ್ರದಲ್ಲಿ ನೀವು ಆಶ್ಚರ್ಯಸೂಚಕ ಹಾಕಿರುವುದು ಇಲ್ಲಿ ಮಾತ್ರ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯ ಅನುಮಾನ ಬೆರಳಿನ ಮೇಲೆ. ಓಡಿ ಬಂದು ಹಣ್ಣು ಹೆಚ್ಚಿದ ಕೈಯಲ್ಲೋ, ಎನರ್ಜಿ ಡ್ರಿಂಕ್ ಮೆತ್ತಿದ ಕೈಯಲ್ಲೋ ಚುಚ್ಚಿಕೊಂಡರೆ ಆ ಒಂದು ಹನಿಗೆ ಹೊರಗಿನ ಸಕ್ಕರೆ ಸೇರಿಬಿಡುತ್ತದೆ. 196 ಅಲ್ಲ, 300 ಬಂದದ್ದನ್ನೂ ನೋಡಿದ್ದೇನೆ. ಕೈ ತೊಳೆದು, ಒರೆಸಿಕೊಂಡು, ಮತ್ತೆ ನೋಡಿ.

ಕೈ ತೊಳೆದೂ ಅಷ್ಟೇ ಬಂದರೆ ಅದು ನಿಜವಾದ ಏರಿಕೆ. ಹೆದರಬೇಕಾದದ್ದಲ್ಲ. ಜೋರಾಗಿ ಓಡುವಾಗ ಮೈ ಅದನ್ನು ತುರ್ತು ಪರಿಸ್ಥಿತಿ ಅಂದುಕೊಳ್ಳುತ್ತದೆ. ಅಡ್ರಿನಲಿನ್ ಏರುತ್ತದೆ. ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಸ್ನಾಯು ಎಳೆದುಕೊಳ್ಳುವುದಕ್ಕಿಂತ ಲಿವರ್ ಸುರಿಯುವುದು ಜಾಸ್ತಿ ಆದರೆ ಅಂಕಿ ಮೇಲೆ ಹೋಗುತ್ತದೆ. ಡಯಾಬಿಟೀಸ್ ಇಲ್ಲದವರಲ್ಲೂ ಜೋರು ಓಟಕ್ಕೆ ಶುಗರ್ ಒಂದಿಷ್ಟು ಏರುತ್ತದೆ. ಅವರ ಮೇದೋಜೀರಕ ತಕ್ಷಣ ಇನ್ಸುಲಿನ್ ಬಿಟ್ಟು ಸರಿ ಮಾಡಿಕೊಳ್ಳುತ್ತದೆ, ನಿಮ್ಮದು ತಡ ಮಾಡುತ್ತದೆ. ಒಂದು ಪ್ರಯೋಗ ಮಾಡಿ. ಜೋರಾಗಿ ಓಡಿದ ದಿನ ಮುಗಿದ ಕೂಡಲೇ ನೋಡಿ, ಏನೂ ತಿನ್ನದೆ ಒಂದೂವರೆ ಗಂಟೆ ಬಿಟ್ಟು ನೋಡಿ. ಇನ್ನೊಂದು ದಿನ ಮಾತಾಡುತ್ತಾ ಓಡುವಷ್ಟು ನಿಧಾನವಾಗಿ 45 ನಿಮಿಷ ಓಡಿ, ಹೀಗೇ ಎರಡು ಸಲ ನೋಡಿ. ಮೊದಲ ದಿನ ಏರಿ ಇಳಿಯುತ್ತದೆ, ಎರಡನೇ ದಿನ ಬರೀ ಇಳಿಯುವ ಸಾಧ್ಯತೆ ಜಾಸ್ತಿ. ಈ ನಾಲ್ಕು ಅಂಕಿ ನನ್ನ ಇಡೀ ವಿವರಣೆಗಿಂತ ಚೆನ್ನಾಗಿ ನಿಮಗೆ ವಿಷಯ ತಿಳಿಸುತ್ತವೆ.

ಬೆಳಗಿನ 130ರ ಹಿಂದೆಯೂ ಇದೇ ಲಿವರ್ ಇದೆ. ನಸುಕಿನಲ್ಲಿ ಮೈಯನ್ನು ಎಬ್ಬಿಸಲು ಕಾರ್ಟಿಸೋಲ್ ಥರದ ಹಾರ್ಮೋನುಗಳು ಏರುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ರಾತ್ರಿ ಊಟ ಬಿಟ್ಟರೆ ಇದು ನಿಲ್ಲುವುದಿಲ್ಲ. ಎಷ್ಟೋ ಜನ ಹಿಂದಿನ ರಾತ್ರಿಯ ಊಟವನ್ನು ದೂರುತ್ತಾ, ದಿನದಿಂದ ದಿನಕ್ಕೆ ಅದನ್ನು ಕಮ್ಮಿ ಮಾಡುತ್ತಾ, ಬೆಳಿಗ್ಗೆ ಮೀಟರ್ ನೋಡಿ ಅಳುತ್ತಾರೆ. ಪಾಪ, ಊಟದ್ದು ಅದರಲ್ಲಿ ಪಾಲು ಸಣ್ಣದು.

ಮಾತ್ರೆಯ ವಿಷಯಕ್ಕೆ ಬರೋಣ. ಮೆಟ್‌ಫಾರ್ಮಿನ್ 1957ರಿಂದ ರೋಗಿಗಳಿಗೆ ಕೊಡುತ್ತಿರುವ ಔಷಧಿ. ಅದು ಮಾಡುವ ಮುಖ್ಯ ಕೆಲಸವೇ ಲಿವರ್ ಸುಮ್ಮನೆ ಸಕ್ಕರೆ ಸುರಿಯುವುದನ್ನು ತಗ್ಗಿಸುವುದು. ಅಂದರೆ ನಿಮ್ಮ ಓಟ ಯಾವುದನ್ನು ಮುಟ್ಟುವುದಿಲ್ಲವೋ ಅದನ್ನೇ. ಅದರಿಂದ ಕಿಡ್ನಿ ಹೋಗುವುದಿಲ್ಲ. ಕಿಡ್ನಿ ಹೋಗುವುದು ವರ್ಷಗಟ್ಟಲೆ ಏರಿದ ಸಕ್ಕರೆಯಿಂದ, ಏರಿದ ಬಿಪಿಯಿಂದ. ಈ ಪುಕಾರು ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. ಕಿಡ್ನಿ ಮೊದಲೇ ತುಂಬಾ ಕೆಟ್ಟಿದ್ದರೆ ಈ ಮಾತ್ರೆ ಮೈಯಲ್ಲಿ ಉಳಿದು ರಕ್ತ ಹುಳಿಯಾಗುವ ಅಪಾಯ ಇದೆ, ಅದಕ್ಕೆ ಆಗ ನಿಲ್ಲಿಸುತ್ತೇವೆ. "ಕಿಡ್ನಿ ಕೆಟ್ಟಿತು, ಮಾತ್ರೆ ನಿಲ್ಲಿಸಿದರು" ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ "ಮಾತ್ರೆಯಿಂದ ಕಿಡ್ನಿ ಕೆಟ್ಟಿತು" ಆಯಿತು.

ಅದರ ನಿಜವಾದ ಕಿರಿಕಿರಿ ಬೇರೆ. ಮೊದಲ ಎರಡು ವಾರ ಹೊಟ್ಟೆ ಗುಡುಗುಡು, ಕೆಲವರಿಗೆ ಭೇದಿ. ಓಡುವವರಿಗೆ ಇದು ದೊಡ್ಡ ತಲೆನೋವು, ಐದನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ. ಊಟದ ನಡುವೆ ನುಂಗಿ. ಕಮ್ಮಿ ಡೋಸಿನಿಂದ ಶುರು ಮಾಡಿ ನಿಧಾನ ಏರಿಸಿ. ನಿಧಾನ ಕರಗುವ ಬಗೆಯದನ್ನು ಕೇಳಿ. ಬೆಳಿಗ್ಗೆ ಓಡುವವರು ರಾತ್ರಿ ಊಟದ ಜೊತೆ ತಗೊಂಡರೆ ಅರ್ಧ ತೊಂದರೆ ಕಮ್ಮಿ. ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯಬಹುದು, ಅದನ್ನು ಆಗಾಗ ನೋಡಿಸಬೇಕು. ಶುರು ಮಾಡಿದರೆ ಬಿಡೋಕಾಗಲ್ಲ ಅನ್ನುವುದೂ ಸುಳ್ಳು. ಅದು ಚಟ ಅಲ್ಲ. ಶುಗರ್ ಹಿಡಿತಕ್ಕೆ ಬಂದರೆ ಡಾಕ್ಟರೇ ಕಮ್ಮಿ ಮಾಡುತ್ತಾರೆ, ಕೆಲವರಿಗೆ ನಿಲ್ಲಿಸಿದ್ದೂ ಇದೆ. ಲಾಡಾ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗಲೂ ಇದನ್ನು ತಗೊಳ್ಳಲು ಅಡ್ಡಿ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ರಾತ್ರಿ ಊಟಕ್ಕೇ ಶುರು ಮಾಡುತ್ತಿದ್ದೆ.

ಮಾತ್ರೆ ಇಲ್ಲದೆ ಮೂರು ತಿಂಗಳು ನೋಡುತ್ತೇನೆ ಅನ್ನುವ ದಾರಿ ಇಲ್ಲವೇ ಅಂದರೆ, ಇದೆ. ತೂಕ ಜಾಸ್ತಿ ಇದ್ದು, ವ್ಯಾಯಾಮವೇ ಇಲ್ಲದೆ, ಎಚ್‌ಬಿಎ1ಸಿ 6.7 ಇರುವವರಿಗೆ ನಾನೇ ಆ ದಾರಿ ಹೇಳುತ್ತೇನೆ. ಅವರ ಕೈಯಲ್ಲಿ ಬಳಸದ ಇಸ್ಪೀಟ್ ಎಲೆಗಳು ಬೇಕಾದಷ್ಟಿವೆ. ನಿಮ್ಮ ಕೈಯಲ್ಲಿರುವ ಎಲೆಗಳನ್ನೆಲ್ಲ ನೀವು ಆಗಲೇ ಆಡಿ ಆಗಿದೆ.

ಉಳಿದ ಮಾತ್ರೆಗಳಲ್ಲಿ ಎರಡು ಬಗೆಯ ಬಗ್ಗೆ ಓಡುವವರು ತಿಳಿದಿರಲೇಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದವು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ತೆಗೆಯುತ್ತವೆ. ಅಗ್ಗ, ಕೆಲಸವೂ ಜೋರು. ಆದರೆ ನೀವು ಊಟ ಮಾಡಿದ್ದೀರಾ, ಓಡುತ್ತಿದ್ದೀರಾ ಅಂತ ಅವು ಕೇಳುವುದಿಲ್ಲ. ಉದ್ದನೆಯ ಓಟದ ದಿನ ಶುಗರ್ ದಬಕ್ಕನೆ ಬೀಳಬಹುದು. ಲಾಡಾ ಇದ್ದರಂತೂ ಇವನ್ನು ಕೊಡದಿರುವುದೇ ವಾಸಿ. ಇನ್ನೊಂದು ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಬಗೆಯವು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯವು ಅಂತ ಸಾಬೀತಾಗಿದೆ. ಆದರೆ ನೀರಿನಂಶವೂ ಜೊತೆಗೆ ಹೋಗುತ್ತದೆ, ಗುಪ್ತಾಂಗದ ಫಂಗಸ್ ತುರಿಕೆ ಸಾಮಾನ್ಯ. ಹೆಚ್ಚು ಹೆದರಿಕೆಯದು ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನೇ ಸುಟ್ಟು ರಕ್ತ ಹುಳಿಯಾಗುವುದು. ಧಾನ್ಯ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಉದ್ದ ಓಡುವ, ಒಳಗೆ ಇನ್ಸುಲಿನ್ ಕಮ್ಮಿ ಇರುವವರು ಇದನ್ನು ತಗೊಂಡರೆ ಶುಗರ್ ಹೆಚ್ಚೇನೂ ಏರದೆಯೇ ಹೀಗಾಗಬಹುದು. ನಿಮ್ಮ ಈಗಿನ ಊಟಕ್ಕೆ ಇದು ಹೊಂದುವುದಿಲ್ಲ. ತೂಕ ಇಳಿಸುವ ಹೊಸ ಇಂಜೆಕ್ಷನ್ನುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. 54 ಕೆಜಿಯವರಿಗೆ ಅದರ ಗೊಡವೆ ಬೇಡ, ಇರುವ ಸ್ನಾಯುವೂ ಕರಗೀತು.

ಇನ್ಸುಲಿನ್ ಬೇಕು ಅಂತ ಬಂದರೆ? ಅದು ಕೊನೆಯ ಹಂತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈಗೆ ಕಮ್ಮಿ ಇರುವುದನ್ನು ಹೊರಗಿನಿಂದ ತುಂಬುವುದು ಅಷ್ಟೆ, ನೀವು ಥೈರಾಯ್ಡಿಗೆ ಆರು ವರ್ಷದಿಂದ ಮಾಡುತ್ತಿರುವುದೂ ಅದನ್ನೇ. ಅಪಾಯ ಇರುವುದು ಶುಗರ್ ತೀರಾ ಇಳಿಯುವುದರಲ್ಲಿ. ಓಡುವವರಿಗೆ ಅದು ಹೆಚ್ಚು, ಅದೂ ಓಟ ಮುಗಿದು ಎಷ್ಟೋ ಗಂಟೆ ಆದ ಮೇಲೆ, ರಾತ್ರಿ ನಿದ್ದೆಯಲ್ಲಿ. ಕಲಿಯಲು ಕೆಲವು ತಿಂಗಳು ಬೇಕು. ವಾಸಿಂ ಅಕ್ರಂಗೆ ಟೈಪ್ 1 ಅಂತ 1997ರಲ್ಲಿ ಗೊತ್ತಾಯಿತು, ಆಗ ಅವರಿಗೆ ಮೂವತ್ತರ ಆಸುಪಾಸು. ಆಮೇಲೂ ಇನ್ಸುಲಿನ್ ಚುಚ್ಚಿಕೊಂಡೇ ಬೌಲಿಂಗ್ ಮಾಡಿದರು, 2003ರ ವಿಶ್ವಕಪ್‌ನಲ್ಲಿ ಏಕದಿನದ 500ನೇ ವಿಕೆಟ್ ತೆಗೆದರು. ಬ್ರಿಟನ್ನಿನ ದೋಣಿ ಹುಟ್ಟುಗಾರ ಸ್ಟೀವ್ ರೆಡ್‌ಗ್ರೇವ್ ಅವರಿಗೂ ಅದೇ 1997ರಲ್ಲಿ ಡಯಾಬಿಟೀಸ್ ಬಂತು. 2000ದ ಸಿಡ್ನಿಯಲ್ಲಿ ಐದನೇ ಒಲಿಂಪಿಕ್ ಚಿನ್ನ ಗೆದ್ದರು. ನೀವು ಡೋಪ್ ಪರೀಕ್ಷೆ ಇರುವ ಮಟ್ಟದ ಸ್ಪರ್ಧೆಗೆ ಹೋಗುವವರಾದರೆ ಒಂದು ಮಾತು: ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ, ಕಾಯಿಲೆ ಇರುವವರು ಮೊದಲೇ ವಿನಾಯಿತಿ ಪಡೆಯಬೇಕು. ಮೆಟ್‌ಫಾರ್ಮಿನ್ನಿಗೆ ಆ ತಾಪತ್ರಯ ಇಲ್ಲ.

ಈಗ ನನ್ನ ತಕರಾರು. ಓಟ ಜಾಸ್ತಿ ಮಾಡಿದಿರಿ, ಊಟ ಕಮ್ಮಿ ಮಾಡಿದಿರಿ. ಶಿಕ್ಷೆ ಕೊಟ್ಟುಕೊಂಡ ಹಾಗಿದೆ. ಓಡುವ ಹೆಂಗಸರ ಮೈಗೆ ಬೇಕಾದಷ್ಟು ಇಂಧನ ಬೀಳದಿದ್ದರೆ ಮೊದಲು ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಶುಗರ್ ಏರುತ್ತದೆ. ಎಲ್ಲಿಂದ ಹೊರಟಿರೋ ಅಲ್ಲಿಗೇ ಬಂದಿರಿ. ವಾರಕ್ಕೆ ನಾಲ್ಕು ದಿನದ ಓಟಕ್ಕೇ ವಾಪಸ್ ಹೋಗಿ. ಒಂದು ದಿನದ ಈಜು ಬಿಟ್ಟು, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಸ್ನಾಯು ಜಾಸ್ತಿ ಆದಷ್ಟೂ ಸಕ್ಕರೆ ಇಡಲು ಜಾಗ ಜಾಸ್ತಿ. ಧಾನ್ಯ ಪೂರ್ತಿ ಬಿಡುವುದು ಬೇಡ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲುಭಾಗ ಕಾಳು, ಮೊಟ್ಟೆ, ಮೀನು ಥರದ್ದು, ಉಳಿದ ಕಾಲುಭಾಗ ಧಾನ್ಯ. ಓಡಿದ ದಿನ ಆ ಕಾಲುಭಾಗ ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ.

ಇನ್ನೊಂದು ಲೆಕ್ಕ. ವಾರದಲ್ಲಿ 168 ಗಂಟೆ. ನೀವು ಓಡುವುದು ಅದರಲ್ಲಿ ನಾಲ್ಕೈದು ಗಂಟೆ. ಉಳಿದ ಹೊತ್ತಿನಲ್ಲಿ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ? ಪತ್ರದಲ್ಲಿ ಕೆಲಸ ಏನು ಅಂತ ಬರೆದಿಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಆ ಊಟದ ಶುಗರ್ ಎಷ್ಟು ಕಮ್ಮಿ ಏರುತ್ತದೆ ಅಂತ ನೀವೇ ಮೀಟರಿನಲ್ಲಿ ನೋಡಿ. ಓಟಗಾರರಿಗೆ ಇದು ಅವಮಾನ ಅನ್ನಿಸುತ್ತದೆ. ನಡಿಗೆಯಾ, ಅಂತ ನಗುತ್ತಾರೆ.

ಓಟದ ನಡುವೆ ಕುಡಿಯುವ ಬಣ್ಣದ ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಚ್ಚಿನವುಗಳಲ್ಲಿ 100 ಮಿಲಿಗೆ 6 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಅರ್ಧ ಲೀಟರ್ ಕುಡಿದರೆ 30 ಗ್ರಾಂ. ಒಂದು ಗಂಟೆಯ ಒಳಗಿನ ಓಟಕ್ಕೆ ಬರೀ ನೀರು ಸಾಕು. ಉದ್ದದ ಓಟಕ್ಕೆ ಮತ್ತು ಸ್ಪರ್ಧೆಯ ದಿನಕ್ಕೆ ಜೆಲ್, ಡ್ರಿಂಕ್ ಬೇಕಾಗಬಹುದು, ಆಗ ಔಷಧಿಯ ಥರ ಅಳೆದು ತಗೊಳ್ಳಿ.

ಹಾಫ್ ಮ್ಯಾರಥಾನ್ ಬಿಡಬೇಕಾ? ಬೇಡ, ಆದರೆ ಅದಕ್ಕೆ ಮುಂಚೆ ಮೂರು ಕೆಲಸ ಆಗಲಿ. ಕಣ್ಣಿನ ಒಳಪದರವನ್ನು ಹನಿ ಹಾಕಿ ತೋರಿಸಿ, ಯಾಕೆಂದರೆ ಟೈಪ್ 2 ಗೊತ್ತಾಗುವ ಹೊತ್ತಿಗೆ ವರ್ಷಗಳೇ ಆಗಿರಬಹುದು. ರೆಟಿನಾದಲ್ಲಿ ಹೊಸ ದುರ್ಬಲ ರಕ್ತನಾಳಗಳಿದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತುವುದು ಅಪಾಯ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ, ಆದರೆ ಜೋರಾಗಿ ಓಡಿದ ಮರುದಿನ ಕೊಡಬೇಡಿ. ಓಟದಿಂದಲೇ ಅದು ತಾತ್ಕಾಲಿಕವಾಗಿ ಏರಿ ಸುಮ್ನೆ ಗಾಬರಿ ಆಗುತ್ತದೆ. ಮೂರನೆಯದು ಪಾದ. ಬೆರಳಿನ ಸ್ಪರ್ಶ ಸರಿಯಾಗಿದೆಯಾ ಅಂತ ಡಾಕ್ಟರು ಒಂದು ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಸ್ಪರ್ಶ ಮಂದವಾಗಿದ್ದರೆ ಶೂ ಒಳಗಿನ ಒಂದು ಕಲ್ಲು 21 ಕಿಲೋಮೀಟರ್ ನಿಮ್ಮ ಜೊತೆಗೆ ಓಡಿದರೂ ಗೊತ್ತಾಗುವುದಿಲ್ಲ. ಇಷ್ಟು ಸರಿ ಇದ್ದು, ಓಡುವಾಗ ಎದೆ ಬಿಗಿತ, ಮಾಮೂಲಿಗಿಂತ ಹೆಚ್ಚಿನ ಏದುಸಿರು ಇಲ್ಲದಿದ್ದರೆ ಓಡಿ. ಈ ಸಲ ಸಮಯದ ದಾಖಲೆ ಮುರಿಯುವ ಯೋಚನೆ ಬೇಡ.

ವಾಪಸ್ ಕಳಿಸೋಕೆ ಆಗುತ್ತಾ ಅಂತ ಕೇಳಿದಿರಿ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಅನ್ನುವ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಟೈಪ್ 2 ಇದ್ದ, ತೂಕ ಜಾಸ್ತಿ ಇದ್ದ ಜನರಿಗೆ ಕೆಲವು ತಿಂಗಳು ತೀರಾ ಕಮ್ಮಿ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷಕ್ಕೆ ಅವರಲ್ಲಿ 46 ಶೇಕಡಾ ಜನ ಮಾತ್ರೆ ಇಲ್ಲದೆ ಡಯಾಬಿಟೀಸ್ ಮಟ್ಟದಿಂದ ಕೆಳಗೆ ಬಂದಿದ್ದರು. ಎರಡು ವರ್ಷಕ್ಕೆ ಅದು 36 ಶೇಕಡಾ ಆಯಿತು. ಆಮೇಲೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 27ಕ್ಕಿಂತ ಕಮ್ಮಿ ಇದ್ದ 20 ಜನರಲ್ಲಿ ಇಂಥದ್ದೇ ಪ್ರಯತ್ನ ಮಾಡಿದಾಗ 14 ಜನರಿಗೆ ಫಲ ಸಿಕ್ಕಿತು. ತುಂಬಾ ಸಣ್ಣ ಅಧ್ಯಯನ, ಆದರೂ ತೆಳ್ಳಗಿರುವವರಲ್ಲೂ ಸಾಧ್ಯ ಅಂತ ತೋರಿಸಿತು. ಇದಕ್ಕೆ ನಾವು ವಾಸಿ ಅನ್ನುವುದಿಲ್ಲ, ತಟಸ್ಥ ಸ್ಥಿತಿ ಅನ್ನುತ್ತೇವೆ. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. ನಿಮ್ಮ ಬಿಎಂಐ ಮೊದಲು 21ರ ಮೇಲಿತ್ತು, ಈಗ 20ರ ಹತ್ತಿರ. ಇಳಿಸಲು ನಿಮ್ಮ ಹತ್ತಿರ ತೂಕವೇ ಉಳಿದಿಲ್ಲ. ಲಾಡಾ ಆಗಿದ್ದರೆ ತೂಕ ಇಳಿಸುವುದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ: ವಾಪಸ್ ಕಳಿಸುವ ಹಟ ಬಿಡಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ 7ರ ಕೆಳಗೆ, ಆಮೇಲೆ ಸಾಧ್ಯವಾದರೆ 6.5ರ ಹತ್ತಿರ ತರೋಣ. ಈಗಲೇ ಮತ್ತೆ ಮಾಡಿಸಬೇಡಿ, ಹಳೆಯ ಕಣಗಳು ಹಳೆಯ ಕಥೆಯನ್ನೇ ಹೇಳುತ್ತವೆ.

ಇದರ ನಡುವೆ ಬಾಯಾರಿಕೆ ತಡೆಯಲಾಗದಷ್ಟು ಆದರೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವಂತಾದರೆ, ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದ್ದರೆ ಮುಂದಿನ ಭೇಟಿಯ ತಾರೀಕಿಗೆ ಕಾಯಬೇಡಿ. ವಾಂತಿ, ಹೊಟ್ಟೆ ನೋವು, ಉಸಿರಾಟ ಜೋರಾಗುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೀಟೋನ್ ಪರೀಕ್ಷೆ ಮಾಡಿ ಅಂತ ನೀವೇ ಬಾಯಿಬಿಟ್ಟು ಹೇಳಿ.

ಜೊತೆಗೆ ಓಡುವವರಿಗೆ ಹೇಳಬೇಕಾ? ನೀವು ಕೇಳಿಲ್ಲ, ಆದರೆ ಎಲ್ಲರಿಗೂ ಇರುವ ಮುಜುಗರ ಅದು. ಬರೀ ಮೆಟ್‌ಫಾರ್ಮಿನ್ ಇರುವವರೆಗೆ ಅದು ನಿಮ್ಮಿಷ್ಟ. ಶುಗರ್ ತೀರಾ ಇಳಿಯುವ ಭಯ ಅದರಲ್ಲಿ ಬಹಳ ಕಮ್ಮಿ. ಹಿಂಡುವ ಮಾತ್ರೆಯೋ ಇನ್ಸುಲಿನ್ನೋ ಶುರುವಾದರೆ ಮಾತ್ರ ಪಕ್ಕದಲ್ಲಿ ಓಡುವ ಒಬ್ಬರಿಗಾದರೂ ಹೇಳಿ, ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇಟ್ಟುಕೊಳ್ಳಿ. ಕೈ ನಡುಗಿ, ತಣ್ಣನೆ ಬೆವತು, ಶುಗರ್ 70ರ ಕೆಳಗೆ ಹೋದರೆ 15 ಗ್ರಾಂ ಗ್ಲೂಕೋಸ್ ತಿಂದು, ನಿಂತು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪಕ್ಕದವರಿಗೆ ಇಷ್ಟು ಹೇಳಿದರೆ ಸಾಕು: "ನಾನು ತೊದಲಿದರೆ, ಅರ್ಥವಿಲ್ಲದೆ ರೇಗಿದರೆ ಈ ಮಾತ್ರೆ ಬಾಯಿಗೆ ಹಾಕು, ಬೇಡ ಅಂದರೂ ಬಿಡಬೇಡ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರಿ."